ಓದುಗರ ಪ್ರಶ್ನೆ, ನಮ್ಮ ಉತ್ತರ: ಸೈಬರ್ ಭದ್ರತಾ ನೀತಿ ಮತ್ತು ದೇಶದ ರಕ್ಷಣೆ

ಸೈಬರ್ ಭದ್ರತೆಯ ಕುರಿತು ಪ್ರಶ್ನೆಗಳನ್ನು ಕಳುಹಿಸಿ ಎಂದು ಕೇಳಿಕೊಂಡಾಗ ಬಂದ ಪತ್ರಗಳಲ್ಲಿ ಬಹುಪಾಲು ಬ್ಯಾಂಕ್ ಖಾತೆಯಿಂದ ಹಣ ಕಳೆದುಕೊಂಡವರದೇ ಆಗಿದ್ದವು. ಅವುಗಳಿಗೆ ಬೇರೊಂದು ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಆದರೆ ಹಣ ಈಗಷ್ಟೇ ಹೋಗಿದ್ದರೆ ಆ ಸಂಚಿಕೆಗಾಗಿ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಏಕೆಂದರೆ ಖಾತೆಯಿಂದ ಖಾತೆಗೆ ದಾಟುತ್ತಿರುವ ಹಣವನ್ನು ತಡೆಹಿಡಿಯಲು ಮೊದಲ ಕೆಲವು ಗಂಟೆಗಳೇ ಮುಖ್ಯ. ಈ ಬಾರಿ ದೇಶದ ರಕ್ಷಣೆಗೆ ಸಂಬಂಧಿಸಿದ ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಇಪ್ಪತ್ತು ವರ್ಷ ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿದ್ದವನು. ಗಡಿಯಲ್ಲಿ ಯಾವ ಪೋಸ್ಟ್ ಯಾರ ಸುಪರ್ದಿಯಲ್ಲಿದೆ ಎಂಬುದು ಪ್ರತಿಯೊಬ್ಬ ಜವಾನನಿಗೂ ಗೊತ್ತಿರುತ್ತದೆ. ಕಂಪ್ಯೂಟರ್ ಜಾಲಗಳ ವಿಷಯದಲ್ಲಿ ಹಾಗೆ ಹೊಣೆ ಹಂಚುವ ರಾಷ್ಟ್ರೀಯ ನೀತಿ ಇದೆಯೇ? ಇದ್ದರೆ ಅದರಲ್ಲಿ ಸೇನೆಯ ಪಾಲೆಷ್ಟು?
— ನಿವೃತ್ತ ಯೋಧರು, ಮಡಿಕೇರಿ

ಉತ್ತರ: ನೀತಿ ಇದೆ, ಆದರೆ ಅದಕ್ಕೆ ವಯಸ್ಸಾಗಿದೆ. ಭಾರತದ ‘ರಾಷ್ಟ್ರೀಯ ಸೈಬರ್ ಭದ್ರತಾ ನೀತಿ’ ಪ್ರಕಟವಾದದ್ದು 2013ರ ಜುಲೈ 2ರಂದು. ಅಮೆರಿಕದ ಗುಪ್ತಚರ ಸಂಸ್ಥೆ ಜಗತ್ತಿನ ಅಂತರ್ಜಾಲ ಸಂಚಾರವನ್ನೇ ಜಾಲಾಡುತ್ತಿದೆ ಎಂಬುದನ್ನು ಎಡ್ವರ್ಡ್ ಸ್ನೋಡೆನ್ ಹೊರಗೆಡವಿ ಆಗಿನ್ನೂ ಒಂದು ತಿಂಗಳಾಗಿತ್ತು. ಪ್ರತಿ ಸಂಸ್ಥೆಯೂ ಮಾಹಿತಿ ಭದ್ರತೆಗೆ ಒಬ್ಬ ಹಿರಿಯ ಅಧಿಕಾರಿಯನ್ನು ನೇಮಿಸಬೇಕು, ಐದು ವರ್ಷಗಳಲ್ಲಿ 5 ಲಕ್ಷ ಪರಿಣತರನ್ನು ತಯಾರು ಮಾಡಬೇಕು, ಅತಿಮುಖ್ಯ ಮಾಹಿತಿ ಮೂಲಸೌಕರ್ಯಗಳ ರಕ್ಷಣೆಗೆ ಪ್ರತ್ಯೇಕ ಕೇಂದ್ರವೊಂದು ದಿನದ 24 ಗಂಟೆಯೂ ಕೆಲಸ ಮಾಡಬೇಕು ಎಂಬಂಥ ಒಳ್ಳೆಯ ಮಾತುಗಳು ಅದರಲ್ಲಿದ್ದವು. ಯಾರು, ಎಷ್ಟು ಹಣದಲ್ಲಿ, ಯಾವ ಗಡುವಿನೊಳಗೆ ಮಾಡಬೇಕು, ಮಾಡದಿದ್ದರೆ ಏನು ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ. 2020ರಲ್ಲಿ ಹೊಸ ಕಾರ್ಯತಂತ್ರದ ಕರಡು ತಯಾರಾಯಿತಾದರೂ ಅದು ಸಾರ್ವಜನಿಕರ ಕೈಗೆ ಬರಲಿಲ್ಲ.

ಹಾಗೆಂದು ದೇಶ ಕೈಕಟ್ಟಿ ಕುಳಿತಿದೆ ಎಂದಲ್ಲ. ನಿಜವಾದ ಬಿಗಿ ಇರುವುದು ಆ ನೀತಿ ಪತ್ರದಲ್ಲಲ್ಲ, ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ. 2000ದ ಆ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿಯ 70ಎ ಮತ್ತು 70ಬಿ ಕಲಮುಗಳು ಎರಡು ಸಂಸ್ಥೆಗಳಿಗೆ ಕಾನೂನಿನ ಬಲ ಕೊಟ್ಟವು. ಮೊದಲನೆಯ ಕಲಮಿನಡಿ 2014ರ ಜನವರಿಯಲ್ಲಿ ಬಂದ ಎನ್‌ಸಿಐಐಪಿಸಿ ಎಂಬ ಕೇಂದ್ರವು ವಿದ್ಯುತ್, ಬ್ಯಾಂಕಿಂಗ್, ದೂರಸಂಪರ್ಕ, ಸಾರಿಗೆ ಮೊದಲಾದ ಅತಿಮುಖ್ಯ ವ್ಯವಸ್ಥೆಗಳನ್ನು ನೋಡಿಕೊಳ್ಳುತ್ತದೆ. ಎರಡನೆಯದು 2004ರಿಂದಲೇ ಕೆಲಸ ಮಾಡುತ್ತಿದ್ದ ಸರ್ಟ್-ಇನ್. ಎಲ್ಲಿ ದಾಳಿಯಾದರೂ ಮೊದಲ ವರದಿ ಹೋಗಬೇಕಾದದ್ದು ಅಲ್ಲಿಗೆ. ಆಧಾರ್‌ನ ಕೇಂದ್ರ ದತ್ತಾಂಶ ಕೋಶದಂಥವನ್ನು ಸರ್ಕಾರವು ‘ಸಂರಕ್ಷಿತ ವ್ಯವಸ್ಥೆ’ ಎಂದು ಘೋಷಿಸಿದೆ. ಅಂಥದ್ದರೊಳಕ್ಕೆ ಅನುಮತಿಯಿಲ್ಲದೆ ನುಗ್ಗಿದರೆ, ನುಗ್ಗಲು ಯತ್ನಿಸಿದರೂ ಸಹ, 10 ವರ್ಷದವರೆಗೆ ಸೆರೆವಾಸವಿದೆ.

ಇನ್ನು ಸೇನೆಯ ಪಾಲು. ಮೂರೂ ಪಡೆಗಳಿಗೆ ಸೇರಿದ ಡಿಫೆನ್ಸ್ ಸೈಬರ್ ಏಜೆನ್ಸಿ 2019ರಲ್ಲಿ ಆರಂಭವಾಯಿತು. ಅದರ ಮೊದಲ ಕೆಲಸ ಪಡೆಗಳ ಸ್ವಂತ ಜಾಲಗಳ ರಕ್ಷಣೆ. ತಮ್ಮ ಊರಿನ ಬ್ಯಾಂಕಿನ ಸರ್ವರ್ ಮೇಲೋ ನೀರು ಸರಬರಾಜು ಪಂಪಿನ ಮೇಲೋ ದಾಳಿಯಾದರೆ ಸೇನೆ ಬರುವುದಿಲ್ಲ. ತಾವು ಹೇಳಿದ ಗಡಿಯ ಪೋಸ್ಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ: ಇಲ್ಲಿ ಶತ್ರು ಮೊದಲು ಎದುರಾಗುವುದು ಸಮವಸ್ತ್ರ ತೊಟ್ಟವನಿಗಲ್ಲ, ಯಾವುದೋ ಕಚೇರಿಯಲ್ಲಿ ರಾತ್ರಿ ಪಾಳಿಯಲ್ಲಿರುವ ಒಬ್ಬ ಗುತ್ತಿಗೆ ನೌಕರನಿಗೆ. ಹೊಣೆಯ ಗೊಂದಲವನ್ನು ಕಡಿಮೆ ಮಾಡಲು 2024ರ ಸೆಪ್ಟೆಂಬರಿನಲ್ಲಿ ಕೇಂದ್ರವು ಕೆಲಸ ಹಂಚಿಕೆಯ ನಿಯಮವನ್ನು ತಿದ್ದಿ, ಸಮನ್ವಯದ ಅಧಿಕಾರವನ್ನು ರಾಷ್ಟ್ರೀಯ ಭದ್ರತಾ ಮಂಡಳಿಯ ಸಚಿವಾಲಯಕ್ಕೂ, ಸೈಬರ್ ಅಪರಾಧವನ್ನು ಗೃಹ ಸಚಿವಾಲಯಕ್ಕೂ, ದೂರಸಂಪರ್ಕ ಜಾಲಗಳ ಭದ್ರತೆಯನ್ನು ದೂರಸಂಪರ್ಕ ಇಲಾಖೆಗೂ ಒಪ್ಪಿಸಿತು. ನನ್ನ ದೃಷ್ಟಿಯಲ್ಲಿ 2013ರ ಇಡೀ ನೀತಿಗಿಂತ ಈ ಒಂದು ಸಣ್ಣ ತಿದ್ದುಪಡಿಯ ತೂಕ ಹೆಚ್ಚು.

ಪ್ರಶ್ನೆ: ಕಂಪ್ಯೂಟರ್ ದಾಳಿಯಿಂದ ಯುದ್ಧದ ಗತಿ ಬದಲಾದ ಉದಾಹರಣೆ ನಿಜವಾಗಿಯೂ ಇದೆಯೇ ಅಥವಾ ಇದು ಭದ್ರತಾ ತಂತ್ರಾಂಶ ಮಾರುವ ಕಂಪನಿಗಳು ಹುಟ್ಟಿಸಿದ ಭಯವೇ?
— ರಾಜ್ಯಶಾಸ್ತ್ರ ಉಪನ್ಯಾಸಕರು, ಧಾರವಾಡ

ಉತ್ತರ: ಎರಡೂ ನಿಜ. ಭಯ ಮಾರುವವರಿದ್ದಾರೆ. ಆದರೆ ಉಕ್ರೇನಿನಲ್ಲಿ ನಡೆದದ್ದನ್ನು ಯಾರೂ ಕಟ್ಟಿ ಹೇಳಿದ್ದಲ್ಲ.

2015ರ ಡಿಸೆಂಬರ್ 23ರ ಮಧ್ಯಾಹ್ನ ಪಶ್ಚಿಮ ಉಕ್ರೇನಿನ ವಿದ್ಯುತ್ ವಿತರಣಾ ಕಂಪನಿಯೊಂದರ ನಿಯಂತ್ರಣ ಕೊಠಡಿಯಲ್ಲಿ ಕುಳಿತಿದ್ದ ನೌಕರನ ಕಣ್ಣೆದುರೇ, ಅವನ ಕೈ ಮೌಸಿನ ಮೇಲೆ ಇಲ್ಲದಿದ್ದರೂ, ಪರದೆಯ ಮೇಲಿನ ಬಾಣದ ಗುರುತು ತಾನೇ ಸರಿಯತೊಡಗಿತು. ಅದು ಒಂದು ಸಬ್‌ಸ್ಟೇಷನ್ನಿನ ಬ್ರೇಕರ್ (ತೆರೆದರೆ ವಿದ್ಯುತ್ ಹರಿವು ಕಡಿಯುವ ಸ್ವಿಚ್) ಮೇಲೆ ಹೋಗಿ ನಿಂತು, ಅದನ್ನು ತೆರೆದು, ಮುಂದಿನದಕ್ಕೆ ಹೋಯಿತು. ಆತ ಮೌಸನ್ನು ಹಿಡಿದು ಎಳೆದಾಡಿದರೂ ಅದು ಮಾತು ಕೇಳಲಿಲ್ಲ. ಆಮೇಲೆ ಅವನನ್ನೇ ವ್ಯವಸ್ಥೆಯಿಂದ ಹೊರಹಾಕಿ ಪಾಸ್‌ವರ್ಡ್ ಬದಲಿಸಲಾಯಿತು. ಅಂದು ಮೂರು ವಿತರಣಾ ಕಂಪನಿಗಳ ಸುಮಾರು 2.25 ಲಕ್ಷ ಗ್ರಾಹಕರ ಮನೆಗಳು ಚಳಿಗಾಲದ ನಡುವೆ ಕತ್ತಲಾದವು. ದೂರು ಹೇಳಲು ಫೋನ್ ಮಾಡಿದರೆ ಸಿಗಬಾರದೆಂದು ದಾಳಿಕೋರರು ಗ್ರಾಹಕ ಕೇಂದ್ರದ ಲೈನುಗಳನ್ನೂ ಸುಳ್ಳು ಕರೆಗಳಿಂದ ತುಂಬಿಸಿದ್ದರು. ಇಷ್ಟಕ್ಕೆಲ್ಲ ಬಾಗಿಲು ತೆರೆದದ್ದು ತಿಂಗಳುಗಳ ಹಿಂದೆ ಯಾರೋ ನೌಕರರು ತೆರೆದ ಒಂದು ಇ–ಮೇಲ್ ಲಗತ್ತು.

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಅದರ ಎರಡನೆಯ ಭಾಗ. ಕೆಲವೇ ಗಂಟೆಗಳಲ್ಲಿ ಕರೆಂಟು ಮರಳಿತು. ಅದನ್ನು ತಂದದ್ದು ಯಾವ ಅತ್ಯಾಧುನಿಕ ತಂತ್ರಾಂಶವೂ ಅಲ್ಲ. ಸಿಬ್ಬಂದಿ ವಾಹನ ಹತ್ತಿ ಒಂದೊಂದು ಸಬ್‌ಸ್ಟೇಷನ್ನಿಗೂ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದರು. ಅಲ್ಲಿನ ಉಪಕರಣಗಳು ಹಳೆಯವಾಗಿದ್ದರಿಂದ ಅದು ಸಾಧ್ಯವಾಯಿತು. ಎಲ್ಲವೂ ದೂರದಿಂದಲೇ ನಡೆಯುವಂತೆ ಮಾಡಿ, ಕೈಯಿಂದ ನಡೆಸುವುದನ್ನು ಸಿಬ್ಬಂದಿ ಮರೆತುಹೋಗಿರುವ ದೇಶದಲ್ಲಿ ಇದೇ ದಾಳಿ ಆಗಿದ್ದರೆ ಎಷ್ಟು ದಿನ ಕತ್ತಲೆಯಲ್ಲಿರಬೇಕಾಗುತ್ತಿತ್ತೋ.

ಯುದ್ಧದ ಗತಿ ಎಂದು ತಾವು ಕೇಳಿದ್ದಕ್ಕೆ ನೇರ ಉತ್ತರ 2022ರ ಫೆಬ್ರುವರಿ 24ರದು. ರಷ್ಯಾದ ಪಡೆಗಳು ಉಕ್ರೇನಿನೊಳಕ್ಕೆ ನುಗ್ಗುವ ಸುಮಾರು ಒಂದು ಗಂಟೆ ಮೊದಲು, ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲದ ಸಾವಿರಾರು ಮೋಡೆಮುಗಳು ಕುತಂತ್ರಾಂಶದ ದಾಳಿಯಿಂದ ನಿಷ್ಕ್ರಿಯಗೊಂಡವು. ಆ ಜಾಲವನ್ನು ಉಕ್ರೇನಿನ ಸೇನೆಯೂ ಬಳಸುತ್ತಿತ್ತು. ಅದೇ ಏಟಿಗೆ ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳ ದೂರ ನಿಯಂತ್ರಣವೂ ತಪ್ಪಿಹೋಯಿತು. ಯುದ್ಧಕ್ಕೂ ಅವಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಉಕ್ರೇನ್ ಸೋಲಲಿಲ್ಲ ಎಂಬುದನ್ನೂ ಗಮನಿಸಬೇಕು. ಸೈಬರ್ ದಾಳಿಯೊಂದರಿಂದಲೇ ಯಾವ ದೇಶವೂ ಶರಣಾದದ್ದಿಲ್ಲ. ಅದು ಫಿರಂಗಿಗೆ ಬದಲಿಯಲ್ಲ, ಫಿರಂಗಿ ಸಿಡಿಯುವ ಹೊತ್ತಿಗೆ ಎದುರಾಳಿಯ ಕಣ್ಣು–ಕಿವಿ ಮುಚ್ಚುವ ಕೈ.

ಪ್ರಶ್ನೆ: ನಾನು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವವನ ಹೆಂಡತಿ. ಮುಂಬೈಯಲ್ಲಿ ಚೀನಾದವರು ಕರೆಂಟು ತೆಗೆದರು ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಸತ್ಯ ಯಾವುದು? ನಮ್ಮ ಕಡೆಗೂ ಹಾಗಾಗಬಹುದೇ?
— ಗೃಹಿಣಿ, ರಾಯಚೂರು

ಉತ್ತರ: 2020ರ ಅಕ್ಟೋಬರ್ 12ರಂದು ಮುಂಬೈಯಲ್ಲಿ ಕರೆಂಟು ಹೋಗಿ ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ನಾಲ್ಕೈದು ತಿಂಗಳ ನಂತರ ಅಮೆರಿಕದ ರೆಕಾರ್ಡೆಡ್ ಫ್ಯೂಚರ್ ಎಂಬ ಕಂಪನಿ, ಚೀನಾದೊಂದಿಗೆ ನಂಟುಳ್ಳ ಗುಂಪೊಂದು ವಿದ್ಯುತ್ ಉತ್ಪಾದನೆ–ಬೇಡಿಕೆಗಳನ್ನು ಸರಿದೂಗಿಸುವ ಭಾರತದ ಐದು ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರಗಳ ಪೈಕಿ ನಾಲ್ಕನ್ನು ಗುರಿ ಮಾಡಿಕೊಂಡಿತ್ತೆಂದು ವರದಿ ಮಾಡಿತು. ಮುಂಬೈಯ ಕತ್ತಲೆಗೆ ಅದೇ ಕಾರಣವೆಂದು ಆ ಕಂಪನಿಯೇ ಖಚಿತವಾಗಿ ಹೇಳಲಿಲ್ಲ. ಮಹಾರಾಷ್ಟ್ರದ ಅಂದಿನ ಗೃಹ ಸಚಿವರು ಸೈಬರ್ ವಿಧ್ವಂಸದ ಶಂಕೆ ವ್ಯಕ್ತಪಡಿಸಿದರೆ, ಕೇಂದ್ರದ ವಿದ್ಯುತ್ ಸಚಿವರು ಮಾನವ ದೋಷ ಎಂದರು. ಕುತಂತ್ರಾಂಶದ ಎಚ್ಚರಿಕೆ ಬಂದದ್ದು ನಿಜ, ಕಾರ್ಯಾಚರಣೆಗೆ ಧಕ್ಕೆಯಾಗಲಿಲ್ಲ ಎಂಬುದು ಇಲಾಖೆಯ ನಿಲುವು. ಹಾಗಾಗಿ ‘ಕಳ್ಳ ಮನೆಯ ಬಾಗಿಲ ಬಳಿ ಓಡಾಡಿದ್ದು ನಿಜ, ಆ ದಿನ ದೀಪ ಆರಿಸಿದ್ದು ಅವನೇ ಎಂಬುದಕ್ಕೆ ಸಾಕ್ಷಿಯಿಲ್ಲ’ ಎನ್ನುವಲ್ಲಿಗೆ ನಾನು ನಿಲ್ಲುತ್ತೇನೆ.

ತಮ್ಮ ಊರಿಗೂ ಈ ವಿಷಯಕ್ಕೂ ನೇರ ನಂಟಿದೆ. 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತದ ಗ್ರಿಡ್‌ಗಳು ಕುಸಿದು 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶಗಳು ಕತ್ತಲಾದಾಗ ದಕ್ಷಿಣಕ್ಕೆ ಬಿಸಿ ತಟ್ಟಲಿಲ್ಲ, ಏಕೆಂದರೆ ನಮ್ಮ ಗ್ರಿಡ್ ಆಗ ಅವುಗಳೊಂದಿಗೆ ಒಂದೇ ತಾಳದಲ್ಲಿ ಜೋಡಣೆಯಾಗಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣವೂ ಸೇರಿಕೊಂಡಿತು. 2012ರ ಕುಸಿತಕ್ಕೆ ಸೈಬರ್ ದಾಳಿ ಕಾರಣವಲ್ಲ, ಮಾರ್ಗಗಳ ಮೇಲಿನ ಅತಿ ಹೊರೆ ಕಾರಣ. ಆದರೆ ಒಂದು ಗ್ರಿಡ್ ಎಂದರೆ ಒಂದು ಕಡೆಯ ತೊಂದರೆ ದೇಶದುದ್ದಕ್ಕೂ ಹಬ್ಬಬಲ್ಲದು ಎಂಬುದನ್ನು ಅದು ತೋರಿಸಿತು. ದಕ್ಷಿಣದ ರಾಜ್ಯಗಳ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಅಲ್ಲಿ ಕುಳಿತವರು ಗ್ರಿಡ್ಡಿನ ಆವರ್ತನವನ್ನು 50 ಹರ್ಟ್ಸ್ ಆಸುಪಾಸಿನಲ್ಲಿ, 49.90ರಿಂದ 50.05ರ ನಡುವೆ, ಹಿಡಿದಿಡಲು ಕ್ಷಣಕ್ಷಣವೂ ಉತ್ಪಾದನೆ–ಬೇಡಿಕೆಗಳನ್ನು ತೂಗಿ ನೋಡುತ್ತಿರುತ್ತಾರೆ. ಹೀಗಾಗಿ ದಾಳಿಕೋರನಿಗೆ ಪ್ರತಿಯೊಂದು ಸ್ಥಾವರವೂ ಬೇಕಿಲ್ಲ. ಆ ಪರದೆಯ ಮೇಲಿನ ಅಂಕಿಗಳನ್ನು ಸುಳ್ಳು ಮಾಡಿದರೂ ಸಾಕು.

ಅದಕ್ಕಾಗಿಯೇ ಕೇಂದ್ರೀಯ ವಿದ್ಯುತ್ ಪ್ರಾಧಿಕಾರವು 2021ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿ, ಯಂತ್ರಗಳನ್ನು ನಡೆಸುವ ನಿಯಂತ್ರಣ ಜಾಲವನ್ನು ಅಂತರ್ಜಾಲಕ್ಕೆ ತಾಗದಂತೆ ಬೇರ್ಪಡಿಸಬೇಕು, ವಿಶ್ವಾಸಾರ್ಹ ಮೂಲದ ಉಪಕರಣಗಳನ್ನೇ ಕೊಳ್ಳಬೇಕು ಎಂದು ವಿಧಿಸಿತು. ತಮ್ಮ ಯಜಮಾನರನ್ನು ಒಂದು ಮಾತು ಕೇಳಿ ನೋಡಿ: ಕಂಟ್ರೋಲ್ ರೂಮಿನ ಕಂಪ್ಯೂಟರಿಗೆ ಯಾರಾದರೂ ಮೊಬೈಲ್ ಚಾರ್ಜ್ ಮಾಡಲು ಯುಎಸ್‌ಬಿ ವೈರ್ ಚುಚ್ಚುತ್ತಾರೆಯೇ? ಇರಾನಿನ ನತಾಂಜ್ ಪರಮಾಣು ಘಟಕ ಅಂತರ್ಜಾಲಕ್ಕೆ ಜೋಡಣೆಯಾಗಿರಲಿಲ್ಲ. ಆದರೆ ಅದನ್ನು ಗುರಿ ಮಾಡಿದ, 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಅಂಥ ಜಾಲಗಳಿಗೂ ಪೆನ್‌ಡ್ರೈವಿನಲ್ಲಿ ದಾಟಿಹೋಗುವಂತೆ ಹೆಣೆಯಲ್ಪಟ್ಟಿತ್ತು.

ಪ್ರಶ್ನೆ: ಆಸ್ಪತ್ರೆಯ ಕಂಪ್ಯೂಟರ್ ಕೆಟ್ಟರೆ ಅದನ್ನು ದೇಶದ ರಕ್ಷಣೆಯ ವಿಷಯ ಎನ್ನುವುದು ಅತಿಯಲ್ಲವೇ? ನಾನಿರುವ ಆಸ್ಪತ್ರೆಯಲ್ಲಿ ಇಡೀ ವಾರ್ಡಿಗೆ ಒಂದೇ ಪಾಸ್‌ವರ್ಡ್. ಅದನ್ನೂ ಮಾನಿಟರ್ ಅಂಚಿಗೆ ಚೀಟಿ ಬರೆದು ಅಂಟಿಸಿದ್ದಾರೆ. ಹೇಳಿದರೆ ‘ನಮ್ಮಲ್ಲಿ ಕದಿಯುವಂಥದ್ದೇನಿದೆ ಸಿಸ್ಟರ್’ ಎಂದು ನಗುತ್ತಾರೆ.
— ಶುಶ್ರೂಷಕಿ, ಚಿತ್ರದುರ್ಗ

ಉತ್ತರ: ದೆಹಲಿಯ ಏಮ್ಸ್‌ನಲ್ಲಿ 2022ರ ನವೆಂಬರ್ 23ರ ಬೆಳಿಗ್ಗೆ ಹೊರರೋಗಿಗಳ ನೋಂದಣಿ ನಿಂತುಹೋಯಿತು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ದತ್ತಾಂಶವನ್ನು ದಾಳಿಕೋರರು ಗೂಢಲಿಪಿಗೆ ತಿರುಗಿಸಿದ್ದರು. ಎರಡು ವಾರದ ಹತ್ತಿರ ಚೀಟಿ, ರಕ್ತಪರೀಕ್ಷೆಯ ವರದಿ, ದಾಖಲಾತಿ, ಬಿಲ್ಲು ಎಲ್ಲವೂ ಕೈಬರಹಕ್ಕೆ ಮರಳಿದವು. ದಾಳಿಗೆ ಸಿಲುಕದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ದತ್ತಾಂಶ ಮರಳಿ ಸಿಕ್ಕಿತು. ದೆಹಲಿ ಪೊಲೀಸರು ಹೂಡಿದ ಪ್ರಕರಣದಲ್ಲಿ ಸೈಬರ್ ಭಯೋತ್ಪಾದನೆಯ ಕಲಮೂ ಇತ್ತು. ಯುದ್ಧ ಬಂದಾಗ ಗಾಯಾಳುಗಳು ಹೋಗಬೇಕಾದದ್ದು ಆಸ್ಪತ್ರೆಗೇ ಅಲ್ಲವೇ? ಆದ್ದರಿಂದ ಅತಿ ಎನ್ನಲಾಗದು.

ಸಂಸತ್ತಿಗೆ ಸರ್ಕಾರ ಕೊಟ್ಟ ಕಾರಣವನ್ನು ಚಿತ್ರದುರ್ಗದವರಿಗೆ ಬಿಡಿಸಿ ಹೇಳುವುದು ಸುಲಭ: ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲ. ತಮ್ಮ ಊರಿನದು ಏಳು ಸುತ್ತಿನ ಕೋಟೆ. ಹೊರಸುತ್ತಿನ ಬಾಗಿಲು ಬಿದ್ದರೂ ಒಳಗಿನ ಆರು ಸುತ್ತು ಉಳಿಯುತ್ತವೆ. ಒಂದು ಕಿಂಡಿಯಲ್ಲಿ ನುಸುಳಿದವನು ಉಗ್ರಾಣಕ್ಕೆ ನೇರವಾಗಿ ನಡೆದು ಹೋಗಲಾರ. ಕಂಪ್ಯೂಟರ್ ಜಾಲದಲ್ಲೂ ನೋಂದಣಿ ಕೌಂಟರಿನ ಯಂತ್ರ ಒಂದು ಸುತ್ತಿನಲ್ಲಿ, ಪ್ರಯೋಗಾಲಯ ಇನ್ನೊಂದರಲ್ಲಿ, ರೋಗಿಗಳ ಕಡತ ಒಳಸುತ್ತಿನಲ್ಲಿ ಇರಬೇಕು. ನಮ್ಮ ಬಹುತೇಕ ಕಚೇರಿಗಳ ಜಾಲ ಕೋಟೆಯಲ್ಲ, ಸಂತೆ ಮೈದಾನ. ತಮ್ಮ ವಾರ್ಡಿನ ಆ ಚೀಟಿಯ ತೊಂದರೆ ಕದಿಯುವುದರದ್ದಲ್ಲ, ಅಲ್ಲಿಂದ ಎಲ್ಲಿಯವರೆಗೆ ಹೋಗಬಹುದು ಎಂಬುದರದ್ದು. ನಕ್ಕವರಿಗೆ ಏಮ್ಸ್‌ನ ಉದಾಹರಣೆ ಹೇಳಿ, ಬ್ಯಾಕಪ್ಪನ್ನು ಕೊನೆಯ ಸಲ ಮರಳಿ ತೆಗೆದು ನೋಡಿದ್ದು ಯಾವಾಗ ಎಂದು ಕೇಳಿ. ಬ್ಯಾಕಪ್ ಇದೆ ಎನ್ನುವವರಲ್ಲಿ ಅದನ್ನು ತೆರೆದು ನೋಡಿದವರು ಕಡಿಮೆ.

ಪ್ರಶ್ನೆ: ರಕ್ಷಣಾ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕ ನನ್ನದು, ಒಟ್ಟು ಹದಿನೆಂಟು ಜನ. ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕಂತೆ. ಲೇತ್ ನಡೆಸುವುದೋ, ಇದನ್ನು ನೋಡುವುದೋ?
— ಕೈಗಾರಿಕೋದ್ಯಮಿ, ಪೀಣ್ಯ, ಬೆಂಗಳೂರು

ಉತ್ತರ: ತಮ್ಮ ಸಿಟ್ಟು ನ್ಯಾಯವಾದದ್ದೇ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಪಟ್ಟಿ ಮಾಡಿದ ಬಗೆಯ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ವ್ಯವಸ್ಥೆಗಳ ಲಾಗ್‌ಗಳನ್ನು (ಯಾವಾಗ ಏನು ನಡೆಯಿತೆಂದು ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆಗಳನ್ನು) 180 ದಿನ ಕಾದಿಡಬೇಕು, ಕಂಪ್ಯೂಟರುಗಳ ಗಡಿಯಾರವನ್ನು ರಾಷ್ಟ್ರೀಯ ಭೌತ ಪ್ರಯೋಗಾಲಯದ ಅಥವಾ ಕೇಂದ್ರ ಸರ್ಕಾರದ ಕಂಪ್ಯೂಟರ್ ಸೇವಾ ಸಂಸ್ಥೆಯಾದ ಎನ್‌ಐಸಿಯ ಸಮಯ ಸರ್ವರ್‌ಗೆ, ಇಲ್ಲವೇ ಅವುಗಳಿಗೆ ಹೊಂದಿಸಿದ ಸರ್ವರ್‌ಗೆ ಸರಿಹೊಂದಿಸಬೇಕು. ಸಣ್ಣ ಉದ್ದಿಮೆಗಳಿಗೆ ಅದೇ ವರ್ಷದ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ಕೊಟ್ಟರು. ಆರು ಗಂಟೆಯಲ್ಲಿ ಏನಾಗಿದೆ ಎಂದೇ ಗೊತ್ತಾಗಿರುವುದಿಲ್ಲ ಎಂಬ ಆಕ್ಷೇಪವನ್ನು ದೊಡ್ಡ ಕಂಪನಿಗಳೂ ಎತ್ತಿದ್ದವು. ಆದರೆ ಆ ಹೊತ್ತಿಗೆ ತಿಳಿದಷ್ಟನ್ನು ತಿಳಿಸಿ, ಉಳಿದದ್ದನ್ನು ನಂತರ ಕೊಡಬಹುದು. ಅಂತರ್ಜಾಲದಲ್ಲಿ ಬಳಕೆದಾರರ ಗುರುತು ಮರೆಮಾಡುವ ವಿಪಿಎನ್ ಸೇವೆಯ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಡಬೇಕೆಂಬ ಅಂಶವನ್ನು ನಾನು ಒಪ್ಪುವುದಿಲ್ಲ. ಅದರಿಂದ ಕೆಲವು ಕಂಪನಿಗಳು ತಮ್ಮ ಸರ್ವರ್‌ಗಳನ್ನೇ ಇಲ್ಲಿಂದ ಎತ್ತಿಕೊಂಡು ಹೋದವು, ಭದ್ರತೆಗೆ ಸಿಕ್ಕ ಲಾಭ ಕಾಣಲಿಲ್ಲ.

ಗಡಿಯಾರದ ಮಾತು ಕೇಳಿ ತಮಗೆ ನಗು ಬಂದಿರಬಹುದು. ನಿಮ್ಮ ಲೆಕ್ಕಪತ್ರದ ಕಂಪ್ಯೂಟರ್ ಏಳು ನಿಮಿಷ ಹಿಂದಿದ್ದು, ಬಾಗಿಲ ಕ್ಯಾಮೆರಾ ಹದಿಮೂರು ನಿಮಿಷ ಮುಂದಿದ್ದರೆ, ಯಾವ ಘಟನೆ ಮೊದಲು ನಡೆಯಿತು ಎಂಬುದನ್ನು ತನಿಖೆ ಮಾಡುವವರು ಹೇಗೆ ಹೇಳಬೇಕು? ನೂರು ಸಂಸ್ಥೆಗಳ ಲಾಗ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಒಂದು ದಾಳಿಯ ಜಾಡು ಕಾಣುತ್ತದೆ; ಎಲ್ಲರ ಗಡಿಯಾರ ಒಂದೇ ಆಗಿದ್ದರಷ್ಟೇ ಆ ಜಾಡು ಕೂಡಿಬರುತ್ತದೆ.

ತಮ್ಮಂಥ ಸಣ್ಣ ಘಟಕ ಯಾರ ಕಣ್ಣಿಗೆ ಬಿದ್ದೀತು ಎಂದುಕೊಳ್ಳಬೇಡಿ. ದೊಡ್ಡ ಕಾರ್ಖಾನೆಯ ಬಾಗಿಲು ಭದ್ರವಾಗಿದ್ದಾಗ ದಾಳಿಕೋರರು ಹುಡುಕುವುದು ಆ ಬಾಗಿಲೊಳಗೆ ದಿನವೂ ಹೋಗಿಬರುವವರನ್ನು: ನೀವು ಕಳಿಸುವ ನಕ್ಷೆ, ಕೊಟೇಶನ್, ಇನ್‌ವಾಯ್ಸ್. ಪಾಕಿಸ್ತಾನದೊಂದಿಗೆ ನಂಟುಳ್ಳದ್ದೆಂದು ಭದ್ರತಾ ಸಂಶೋಧಕರು ಗುರುತಿಸುವ, ‘ಎಪಿಟಿ 36’ ಎಂದು ಕರೆಯುವ ಗುಂಪು ಮೊದಲಿನಿಂದಲೂ ಭಾರತದ ರಕ್ಷಣೆ ಮತ್ತು ಸರ್ಕಾರಿ ಕಚೇರಿಗಳ ಬೆನ್ನು ಹತ್ತಿದೆ. 2025ರ ಏಪ್ರಿಲಿನ ಪಹಲ್ಗಾಮ್ ದಾಳಿಯ ನಂತರ, ಅದೇ ಘಟನೆಯ ಸರ್ಕಾರಿ ವರದಿಯೆಂಬಂತೆ ತೋರುವ ಕಡತಗಳನ್ನು ಅದು ಇ–ಮೇಲ್ ಮೂಲಕ ಹರಿಯಬಿಟ್ಟಿತು. ಇಡೀ ದೇಶವೇ ಸುದ್ದಿಗಾಗಿ ಕಾತರಿಸುತ್ತಿದ್ದ ಹೊತ್ತಿನಲ್ಲಿ ಅಂಥ ಕಡತವನ್ನು ತೆರೆಯದಿರಲು ಬಹಳ ಶಿಸ್ತು ಬೇಕು.

ಪ್ರಶ್ನೆ: ದಾಳಿ ಮಾಡಿದವರ ಹೆಸರನ್ನು ನಮ್ಮ ಸರ್ಕಾರ ಏಕೆ ಹೇಳುವುದಿಲ್ಲ? ನಾವೂ ತಿರುಗಿ ಹೊಡೆಯುತ್ತೇವೆಯೇ?
— ಪ್ರೌಢಶಾಲಾ ಶಿಕ್ಷಕರು, ಶಿವಮೊಗ್ಗ

ಉತ್ತರ: ಹೆಸರು ಹೇಳಬೇಕಾದರೆ ಹೇಗೆ ತಿಳಿಯಿತು ಎಂಬುದನ್ನೂ ಅಷ್ಟಿಷ್ಟು ಹೇಳಬೇಕಾಗುತ್ತದೆ, ಆಗ ನಮ್ಮ ಗುಪ್ತಚರರ ಕಣ್ಣು ಎಲ್ಲಿದೆಯೆಂಬುದು ಎದುರಾಳಿಗೆ ಗೊತ್ತಾಗುತ್ತದೆ. ಹೆಸರು ಹೇಳಿದ ಮೇಲೆ ಏನಾದರೂ ಮಾಡಲೇಬೇಕಾದ ಒತ್ತಡವೂ ಬರುತ್ತದೆ. ಇವು ಒಪ್ಪಬಹುದಾದ ಕಾರಣಗಳು. ಒಪ್ಪಲಾಗದ್ದು, ಮೊದಲು ‘ಏನೂ ಆಗಿಲ್ಲ’ ಎಂದುಬಿಡುವ ಅಭ್ಯಾಸ. 2019ರ ಅಕ್ಟೋಬರಿನಲ್ಲಿ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಮೇಲೆ ಸೈಬರ್ ದಾಳಿಯ ಸುದ್ದಿ ಹಬ್ಬಿದಾಗ, ಅಂಥ ದಾಳಿ ಸಾಧ್ಯವೇ ಇಲ್ಲವೆಂದು ಸ್ಥಾವರ ಹೇಳಿತು. ಮರುದಿನವೇ ಅಣು ವಿದ್ಯುತ್ ನಿಗಮವು ಆಡಳಿತ ಜಾಲದ ಒಂದು ಕಂಪ್ಯೂಟರಿನಲ್ಲಿ ಕುತಂತ್ರಾಂಶ ಇದ್ದದ್ದು ಹೌದೆಂದೂ, ಸೆಪ್ಟೆಂಬರ್ 4ರಂದೇ ಸರ್ಟ್-ಇನ್ ಅದನ್ನು ತಿಳಿಸಿತ್ತೆಂದೂ ಒಪ್ಪಿಕೊಂಡಿತು. ಸ್ಥಾವರವನ್ನು ನಡೆಸುವ ಜಾಲ ಬೇರೆಯೇ ಇದ್ದದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ. ಎರಡು ದಿನದ ಹೇಳಿಕೆಗಳಲ್ಲಿ ಎರಡನೆಯದೇ ಜನರಿಗೆ ಹೆಚ್ಚು ಧೈರ್ಯ ಕೊಡುವಂಥದ್ದು. ಅದನ್ನೇ ಮೊದಲು ಹೇಳಬಹುದಿತ್ತು.

ತಿರುಗಿ ಹೊಡೆಯುವ ವಿಷಯದಲ್ಲಿ ಮೊದಲಿದ್ದ ಮೌನ ಸ್ವಲ್ಪ ಕರಗಿದೆ. ಸೈಬರ್ ಕಾರ್ಯಾಚರಣೆಗಳ ಕುರಿತ ಮೂರೂ ಪಡೆಗಳ ಜಂಟಿ ಸಿದ್ಧಾಂತ 2024ರ ಜೂನಿನಲ್ಲಿ ಹೊರಬಂದು, ಅದರ ಬಹಿರಂಗ ರೂಪ 2025ರ ಆಗಸ್ಟಿನಲ್ಲಿ ಪ್ರಕಟವಾಯಿತು. ರಕ್ಷಣಾತ್ಮಕ ಹಾಗೂ ಆಕ್ರಮಣಾತ್ಮಕ ಸಾಮರ್ಥ್ಯಗಳು ಜೊತೆಗಿರಬೇಕು ಎಂಬುದು ಅದರ ನಿಲುವು. ಯಾವಾಗ, ಯಾರ ಅಪ್ಪಣೆಯ ಮೇಲೆ ಎಂಬುದು ಬಹಿರಂಗ ಚರ್ಚೆಗೆ ಬರುವ ವಿಷಯವಲ್ಲ.

ಪ್ರಶ್ನೆ: ವಿದೇಶಿ ಉಪಕರಣಗಳನ್ನೆಲ್ಲ ಬಿಟ್ಟು ಸ್ವದೇಶಿ ಮಾತ್ರ ಬಳಸಿದರೆ ಸಮಸ್ಯೆ ಮುಗಿಯುವುದಿಲ್ಲವೇ?
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಮುಗಿಯುವುದಿಲ್ಲ, ಕಡಿಮೆಯಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಲೆಬನಾನಿನಲ್ಲಿ ಪೇಜರ್‌ಗಳು ಒಮ್ಮೆಲೇ ಸಿಡಿದಾಗ, ಕೊಂಡ ವಸ್ತು ಯಾರ ಕೈದಾಟಿ ಬಂದಿದೆ ಎಂಬುದು ಪ್ರಾಣದ ಪ್ರಶ್ನೆಯೆಂದು ಎಲ್ಲರಿಗೂ ಅರಿವಾಯಿತು. ಭಾರತದಲ್ಲಿ 2021ರ ಜೂನ್ 15ರಿಂದಲೇ ದೂರಸಂಪರ್ಕ ಕಂಪನಿಗಳು ತಮ್ಮ ಜಾಲಕ್ಕೆ ಹೊಸ ಉಪಕರಣ ಜೋಡಿಸುವ ಮುನ್ನ ಅದು ‘ವಿಶ್ವಾಸಾರ್ಹ ಮೂಲ’ದ್ದೆಂಬ ಒಪ್ಪಿಗೆ ಪಡೆಯಬೇಕು. ರಕ್ಷಣಾ ಸಚಿವಾಲಯವು ‘ಮಾಯಾ’ ಎಂಬ ಸ್ವಂತ ಕಂಪ್ಯೂಟರ್ ಕಾರ್ಯಾಚರಣ ವ್ಯವಸ್ಥೆಯನ್ನು (ಆಪರೇಟಿಂಗ್ ಸಿಸ್ಟಮ್) ಬಳಕೆಗೆ ತಂದಿದೆ. ಅದರ ತಳಪಾಯ ಮಾತ್ರ ಜಗತ್ತಿನವರೆಲ್ಲ ಸೇರಿ ಕಟ್ಟಿದ ಮುಕ್ತ ತಂತ್ರಾಂಶವಾದ ಉಬುಂಟು. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಮೂಲ ಸಂಕೇತವನ್ನು ತೆರೆದು ಪರೀಕ್ಷಿಸಬಹುದು ಎಂಬುದೇ ಅದರ ಬಲ. ಇನ್ನೊಂದು ಕಡೆ, 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನ 85 ಲಕ್ಷ ಕಂಪ್ಯೂಟರುಗಳು ನಿಂತು, ನಮ್ಮ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಹಂಚಬೇಕಾಯಿತು. ಅಲ್ಲಿ ಶತ್ರುವೇ ಇರಲಿಲ್ಲ. ಎಲ್ಲರೂ ಒಂದೇ ತಂತ್ರಾಂಶಕ್ಕೆ ಜೋತುಬಿದ್ದದ್ದೇ ಕಾರಣ. ಇಡೀ ತೋಟಕ್ಕೆ ಒಂದೇ ರೋಗ ಹರಡುವುದು ಹೇಗೆಂದು ಕೊಳೆ ರೋಗ ಕಂಡ ತಮಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ದೇಶದ ಸೈಬರ್ ರಕ್ಷಣೆಯಲ್ಲಿ ಕೆಲಸ ಮಾಡಬೇಕೆಂಬ ಆಸೆ. ಏನು ಓದಲಿ? ಸರ್ಕಾರಿ ಜಾಲತಾಣಗಳಲ್ಲಿ ಲೋಪ ಹುಡುಕಿ ತೋರಿಸಿದರೆ ಕೆಲಸ ಸಿಗುತ್ತದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಅನುಮತಿಯಿಲ್ಲದೆ ಬೇಡಮ್ಮ. ಒಳ್ಳೆಯ ಉದ್ದೇಶದಿಂದಲೇ ಹೋದರೂ ಬೇರೆಯವರ ಕಂಪ್ಯೂಟರನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳ ಅಡಿ ತೊಂದರೆ ತರಬಲ್ಲದು. ಅಕಸ್ಮಾತ್ ಲೋಪ ಕಣ್ಣಿಗೆ ಬಿದ್ದರೆ ಮುಂದೆ ಕೆದಕದೆ ಸರ್ಟ್-ಇನ್‌ಗೆ ತಿಳಿಸು. ಸದುದ್ದೇಶದ ಸಂಶೋಧಕರಿಗೆ ಕಾನೂನಿನ ಆಸರೆ ಸ್ಪಷ್ಟವಾಗಿ ಇಲ್ಲದಿರುವುದು ನಮ್ಮ ನೀತಿಯ ದೊಡ್ಡ ಕೊರತೆ. 5 ಲಕ್ಷ ಪರಿಣತರು ಬೇಕೆಂದ ದೇಶ ಅವರ ಕೈಗಳನ್ನೇ ಕಟ್ಟಿಹಾಕಿದಂತಾಗಿದೆ.

ಓದಿನ ವಿಷಯದಲ್ಲಿ, ಹ್ಯಾಕಿಂಗ್ ಪ್ರಮಾಣಪತ್ರಗಳ ಹಿಂದೆ ಓಡುವ ಮೊದಲು ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕಿಂಗ್ ಮತ್ತು ಗೂಢಲಿಪಿಯ ಹಿಂದಿನ ಗಣಿತವನ್ನು ಗಟ್ಟಿ ಮಾಡಿಕೋ. ಬೆಂಗಳೂರಿನಲ್ಲಿಯೇ ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೊಬೋಟಿಕ್ಸ್ ಕೇಂದ್ರ, ಸಿ–ಡ್ಯಾಕ್, ಬಿಇಎಲ್ ಇವೆ. ಕರ್ನಾಟಕ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರವು ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಲ್ಲಿ ನಡೆಯುತ್ತಿದೆ. ರಾಜ್ಯವು 2024ರ ಆಗಸ್ಟಿನಲ್ಲಿ ತನ್ನದೇ ಸೈಬರ್ ಭದ್ರತಾ ನೀತಿಯನ್ನೂ ಪ್ರಕಟಿಸಿದೆ. ಅದನ್ನು ಓದಿ ನೋಡು, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಭಾಗ ಸಾಕಷ್ಟಿದೆ.

ಪ್ರಶ್ನೆ: ನನ್ನ ಮನೆಯ ವೈ–ಫೈಗೂ ದೇಶದ ರಕ್ಷಣೆಗೂ ಏನು ಸಂಬಂಧ ಸ್ವಾಮಿ?
— ನಿವೃತ್ತ ಅಂಚೆ ನೌಕರರು, ಶಿರಸಿ

ಉತ್ತರ: ಎಸ್ಟೋನಿಯಾ ಎಂಬ ಪುಟ್ಟ ದೇಶದ ಬ್ಯಾಂಕು, ಪತ್ರಿಕೆ, ಸರ್ಕಾರಿ ಜಾಲತಾಣಗಳನ್ನು 2007ರ ಏಪ್ರಿಲ್–ಮೇ ತಿಂಗಳಲ್ಲಿ ವಾರಗಟ್ಟಲೆ ಉಸಿರುಗಟ್ಟಿಸಿದ್ದು ಸೇನೆಯ ಕಂಪ್ಯೂಟರುಗಳಲ್ಲ. ಜಗತ್ತಿನ ನಾನಾ ಕಡೆಯ ಸಾಮಾನ್ಯರ ಮನೆಯ ಕಂಪ್ಯೂಟರುಗಳು, ಮಾಲೀಕರಿಗೇ ಗೊತ್ತಿಲ್ಲದಂತೆ, ಆ ತಾಣಗಳನ್ನು ತೆರೆಯುವ ಮನವಿಗಳ ಮಳೆಯನ್ನು ಒಟ್ಟಾಗಿ ಸುರಿಸಿದ್ದವು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಮನೆಯ ಕ್ಯಾಮೆರಾ ಮತ್ತು ರೌಟರ್‌ಗಳನ್ನು ಅದೇ ಕೆಲಸಕ್ಕೆ ಹಚ್ಚಿತು. ಬರೆದವರು ಅಮೆರಿಕದ ಕಾಲೇಜು ವಯಸ್ಸಿನ ಹುಡುಗರು, ಉದ್ದೇಶ ವಿಡಿಯೊ ಗೇಮ್ ಸರ್ವರ್‌ಗಳ ವ್ಯಾಪಾರದ ಪೈಪೋಟಿ, ತಂತ್ರವೋ ಬಹಳ ಸರಳ: ಕಾರ್ಖಾನೆಯಲ್ಲಿ ಇಟ್ಟ ಅರವತ್ತರಷ್ಟು ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡುವುದು.

ತಮ್ಮ ರೌಟರ್ ಡಬ್ಬಿಯನ್ನು ಒಮ್ಮೆ ಮಗುಚಿ ನೋಡಿ. ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಬಳಕೆದಾರರ ಹೆಸರಿನ ಮುಂದೆ ‘ಅಡ್ಮಿನ್’, ಪಾಸ್‌ವರ್ಡಿನ ಮುಂದೆಯೂ ‘ಅಡ್ಮಿನ್’ ಎಂದಿದ್ದರೆ, ಇಂದೇ ಅದನ್ನು ಬದಲಿಸಿ. ಕಂಪ್ಯೂಟರಿನಲ್ಲಿ ಇಂಥದ್ದು ಈಗಾಗಲೇ ಸೇರಿಕೊಂಡಿದೆಯೇ ಎಂದು ಪರೀಕ್ಷಿಸಿ ತೆಗೆಯುವ ಉಚಿತ ಸಾಧನಗಳನ್ನು ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಕೊಡುತ್ತಿದೆ. ತಮಗೆ ಕಷ್ಟವೆನಿಸಿದರೆ ಮೊಮ್ಮಕ್ಕಳನ್ನು ಕೂರಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ. ಹೊಸ ಪಾಸ್‌ವರ್ಡನ್ನು ಮಾತ್ರ ಡಬ್ಬಿಯ ಮೇಲೆ ಬರೆದು ಅಂಟಿಸಬೇಡಿ.